ಯಾವ ಸಸಿ ಎಲ್ಲಿ ಬದುಕಿತು? ಆ ಲೆಕ್ಕ ನಮಗೂ ಕೊಡಿ

ನಮಸ್ಕಾರ. ಮುಂಗಾರು ಶುರುವಾಯ್ತು ಅಂದ್ರೆ ಫೋನ್ ತುಂಬಾ ಒಂದೇ ಥರದ ವಿಡಿಯೋ. ಎಕರೆಗೆ ಇಷ್ಟು ಹೆಬ್ಬೇವು ಹಾಕಿ, ಏಳೆಂಟು ವರ್ಷ ಸುಮ್ನೆ ಕೂತಿರಿ, ಆಮೇಲೆ ದುಡ್ಡು ಎಣಿಸಿ. ಹಿಂದೆ ಸೊಂಪಾದ ತೋಟ ಕಾಣುತ್ತದೆ. ಅದು ಯಾವ ಊರು, ಮಣ್ಣು ಎಷ್ಟು ಆಳ, ಡ್ರಿಪ್ ಇತ್ತಾ, ಯಾರೂ ಹೇಳುವುದಿಲ್ಲ. ಸಸಿ ಮಾರುವವರ ನಂಬರ್ ಮಾತ್ರ ದಪ್ಪಕ್ಷರದಲ್ಲಿ ಇರುತ್ತದೆ.

ಹೆಬ್ಬೇವು ಕೆಟ್ಟ ಮರ ಅಂತ ನಾನು ಹೇಳುತ್ತಿಲ್ಲ. ನೀರು ಬಸಿಯುವ ಆಳವಾದ ಮಣ್ಣು, ಒಳ್ಳೆ ಮಳೆ ಸಿಕ್ಕರೆ ಸರಸರ ಬೆಳೆಯುತ್ತದೆ, ಪ್ಲೈವುಡ್‌ನವರು ಕೊಳ್ಳುತ್ತಾರೆ. ಆದರೆ ಚಳ್ಳಕೆರೆ ಕಡೆ ನೋಡಿ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಎರಡಡಿ ಅಗೆದರೆ ಗರಸು ಸಿಗುವ ಹೊಲ. ಅಲ್ಲಿ ಕಮರ, ಬೇವು, ಹುಣಸೆ ನಿಲ್ಲುತ್ತವೆ. ವಿಜಯಪುರದ ಎರೆ ಹೊಲದ ಬದುವಿಗೆ ಕರಿಜಾಲಿ. ಇಷ್ಟನ್ನ ಊರ ಹಿರಿಯರೂ ಹೇಳುತ್ತಾರೆ. ನೂರು ನೆಟ್ಟರೆ ಮೂರನೇ ವರ್ಷಕ್ಕೆ ಎಷ್ಟು ಉಳಿಯುತ್ತವೆ ಅನ್ನೋದಕ್ಕೆ ಮಾತ್ರ ಲೆಕ್ಕವೇ ಬೇಕು.

ತಮಾಷೆ ಏನಂದ್ರೆ, ಲೆಕ್ಕ ಆಗುತ್ತಲೇ ಇದೆ! ರೈತರು ಹೊಲದಲ್ಲಿ ಮರ ಬೆಳೆಸಲಿ ಅಂತ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ, ಬದುಕಿದ ಪ್ರತಿ ಸಸಿಗೆ ಮೂರು ವರ್ಷ ದುಡ್ಡು ಕೊಡುತ್ತಾರೆ. ಒಂದು ಕಾಲಕ್ಕೆ ಒಟ್ಟು 100 ರೂಪಾಯಿ ಇತ್ತು, ಆಮೇಲೆ 125 ಆಯ್ತು. ದುಡ್ಡು ಕೊಡಬೇಕಾದರೆ ಹೊಲಕ್ಕೆ ಬಂದು ಎಣಿಸಲೇಬೇಕು, ಅಲ್ವಾ? ಅಂದರೆ ಬೀದರಿನಿಂದ ಚಾಮರಾಜನಗರದ ತನಕ ಒಂದು ದೊಡ್ಡ ಪ್ರಯೋಗ ನಡೆಯುತ್ತಿದೆ. ನಾವು ಅದನ್ನ ಬರೀ ದುಡ್ಡು ಕೊಡುವ ಬಿಲ್ಲು ಅಂದ್ಕೊಂಡಿದ್ದೇವೆ.

ಪಕ್ಕದಲ್ಲೇ ಇನ್ನೆರಡು ಲೆಕ್ಕ ಇವೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿ. ಸುಜಲಾ ಅನ್ನೋ ಜಲಾನಯನ ಯೋಜನೆಯಲ್ಲಿ ಸರ್ವೆ ನಂಬರ್ ಹಿಡಿದು ಮಾಡಿದ ಮಣ್ಣಿನ ನಕ್ಷೆ, ಅದರಲ್ಲಿ ಮಣ್ಣಿನ ಆಳವೂ ಇದೆ. ಈ ಮೂರನ್ನೂ ಜೋಡಿಸಿ ಹೋಬಳಿವಾರು ಹಾಕಿಬಿಟ್ಟರೆ ವಿಡಿಯೋದವರ ಮಾತು ಯಾರು ಕೇಳುತ್ತಾರೆ?

ಸಂಶೋಧನಾ ಕೇಂದ್ರಗಳು ಇಲ್ವಾ ಅಂತ ಕೇಳಬಹುದು. ಇವೆ. ಕೃಷಿ ಅರಣ್ಯದ ಅಖಿಲ ಭಾರತ ಸಂಶೋಧನಾ ಯೋಜನೆ 1983ರಿಂದ ಇದೆ, ಧಾರವಾಡದಲ್ಲೂ ಕೇಂದ್ರ ಇದೆ. ಆದರೆ ಅಲ್ಲಿನ ಪ್ಲಾಟಿಗೆ ಬೇಲಿ ಇರುತ್ತದೆ, ಕಾವಲು ಇರುತ್ತದೆ. ನಮ್ಮ ಬದುವಿಗೆ ಬೇಸಿಗೆಯಲ್ಲಿ ಕುರಿ ಮಂದೆ ನುಗ್ಗುತ್ತದೆ. ಹಾಗಾಗಿ ರೈತರ ಹೊಲದ ಲೆಕ್ಕ ಸ್ವಲ್ಪ ಒರಟಾದರೂ ನನಗೆ ಅದರ ಮೇಲೇ ಜಾಸ್ತಿ ನಂಬಿಕೆ.

ಹಾಗಂತ ಬರೀ ತಲೆ ಎಣಿಸಿದರೆ ಸಾಲದು. ಶ್ರೀಗಂಧವನ್ನೇ ತಗೊಳ್ಳಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಪೋಷಕಾಂಶ ಹೀರುತ್ತದೆ. ಪಕ್ಕದಲ್ಲಿ ತೊಗರಿ ಇದ್ದರೆ ಸಸಿ ಹಚ್ಚಗೆ ಚಿಗುರುತ್ತದೆ. ಏನೂ ಇಲ್ಲದಿದ್ದರೆ ಎಲೆ ಹಳದಿಯಾಗಿ ಸೊರಗುತ್ತದೆ. ‘ಶ್ರೀಗಂಧ, 60 ಬದುಕಿವೆ’ ಅಂತ ಬರೆದು ಪಕ್ಕದಲ್ಲಿ ಏನಿತ್ತು ಅಂತ ಬಿಟ್ಟರೆ ಆ ಸಾಲು ದಂಡ.

ಬೀಜದ ಊರೂ ಬೇಕು. ನೀಲಗಿರಿ ಮರದ ಪ್ರಯೋಗಗಳಲ್ಲಿ ಆಸ್ಟ್ರೇಲಿಯಾದ ಪೆಟ್‌ಫೋರ್ಡ್ ಕಡೆಯ ಬೀಜ ಒಣ ಪ್ರದೇಶದಲ್ಲಿ ಬೇರೆ ಕಡೆಯ ಬೀಜಕ್ಕಿಂತ ಚೆನ್ನಾಗಿ ಬಂದಿತ್ತು. ಜಾತಿ ಒಂದೇ, ಬೀಜ ತಂದ ಜಾಗ ಬೇರೆ. ನಮ್ಮ ಹುಣಸೆ, ಹೊಂಗೆ ಸಸಿ ಕೊಡುವಾಗ ತಾಯಿಮರ ಎಲ್ಲಿಯದು ಅಂತ ಒಂದು ಚೀಟಿ ಅಂಟಿಸುವುದಕ್ಕೆ ಏನು ಕಷ್ಟ?

ಮುಖ್ಯವಾಗಿ, ಸತ್ತ ಸಸಿಗಳನ್ನೂ ಬರೆಯಬೇಕು. ಸತ್ತದ್ದಕ್ಕೆ ದುಡ್ಡಿಲ್ಲ, ಹಾಗಾಗಿ ಅದು ಯಾಕೆ ಸತ್ತಿತು ಅಂತ ಕೇಳುವವರೂ ಇಲ್ಲ. ನೀರಿಲ್ಲದೆಯಾ, ಗೆದ್ದಲಿಗಾ, ಮೇಕೆ ತಿಂದದ್ದಾ? ಮುಂದೆ ನೆಡುವವನಿಗೆ ಬೇಕಾಗಿರುವುದೇ ಅದು.

ರೈತರ ವಿವರ ಹೊರಗೆ ಬಿದ್ದರೆ ಹೇಗೆ ಅನ್ನುವವರೂ ಇದ್ದಾರೆ. ಶ್ರೀಗಂಧದ ವಿಷಯದಲ್ಲಿ ಈ ಭಯ ನಿಜ, ಕಳ್ಳರಿಗೆ ವಿಳಾಸ ಕೊಟ್ಟಂತಾಗುತ್ತದೆ. ಹೆಸರು ಬೇಡ, ಸರ್ವೆ ನಂಬರ್ ಬೇಡ. ಹೋಬಳಿ, ಮಣ್ಣು, ಜಾತಿ, ಬೀಜದ ಊರು, ಪಕ್ಕದ ಗಿಡ, ನೆಟ್ಟ ವರ್ಷ, ಉಳಿದದ್ದೆಷ್ಟು, ಸತ್ತದ್ದು ಯಾಕೆ. ಅರಣ್ಯ ಇಲಾಖೆಯವರೇ, ಈ ಎಂಟು ಕಾಲಂ ಇಟ್ಟು, ಪ್ರತಿ ವರ್ಷ ಮೇ ತಿಂಗಳಲ್ಲಿ, ನರ್ಸರಿಗೆ ಜನ ಬರುವ ಮುಂಚೆ ಹೊರಗೆ ಹಾಕಿ.