ಗೋರಿಯ ಯಾವ ದಿನವನ್ನು ಅಳೆಯುತ್ತೇವೆ?

ಸ್ನೇಹಿತರೇ,

ಈಜಿಪ್ಟಿನ ಗೋರಿಗಳ ಡಿಜಿಟಲ್ ಮಾದರಿಗಳನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಪಂಜಿನ ಬೆಳಕು, ಥಳಥಳಿಸುವ ಚಿನ್ನ, ನಿನ್ನೆಯಷ್ಟೇ ಬಳಿದಂತಿರುವ ಬಣ್ಣ. ಅವನ್ನು ಕಂಡಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಇದರಲ್ಲಿ ಅಳೆದದ್ದೆಷ್ಟು, ಊಹಿಸಿದ್ದೆಷ್ಟು? ಬಹುತೇಕ ಮಾದರಿಗಳು ಆ ಲೆಕ್ಕ ಒಪ್ಪಿಸುವುದಿಲ್ಲ.

ಒಪ್ಪಿಸಿದ ಒಂದು ಕೆಲಸವನ್ನು ನೋಡೋಣ. ಬ್ರಿಟಿಷ್ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ 1922ರಲ್ಲಿ ಪತ್ತೆ ಮಾಡಿದ, ಪ್ರಾಚೀನ ಈಜಿಪ್ಟಿನ ದೊರೆ ಟುಟಾಂಖಾಮನ್ ಗೋರಿಯ ಶವಕೋಣೆಯನ್ನು ಮ್ಯಾಡ್ರಿಡ್‌ನ ಫ್ಯಾಕ್ಟಮ್ ಎಂಬ ಪ್ರತಿರೂಪ ತಯಾರಕರ ತಂಡ 2009ರಲ್ಲಿ ದಾಖಲಿಸಿತು. ಗೋಡೆಯನ್ನು ಮುಟ್ಟದೆ, ಲೇಸರ್ ಗೆರೆ ಹಾಯಿಸಿ ಉಬ್ಬುತಗ್ಗುಗಳನ್ನು ಅಳೆದರು. ಚದರ ಮೀಟರಿಗೆ 10 ಕೋಟಿ ಬಿಂದುಗಳು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೊಂದು ಬಿಂದು. ಬಣ್ಣಕ್ಕಾಗಿ ಬೇರೆಯೇ ಫೋಟೊಗಳನ್ನು ತೆಗೆದರು. ಆದರೆ ಕ್ಯಾಮೆರಾ ಕಂಡ ಬಣ್ಣವನ್ನು ಅವರು ನಂಬಿ ಕೂರಲಿಲ್ಲ. ಗೋಡೆಯ ಎದುರೇ ಬಣ್ಣ ಕಲಸಿ, ಸಣ್ಣ ಪಟ್ಟಿಗಳಿಗೆ ಬಳಿದು, ಮೂಲದ ಪಕ್ಕ ಹಿಡಿದು ಹೋಲಿಸಿದರು. ಇಷ್ಟೆಲ್ಲ ಯಂತ್ರಗಳ ನಡುವೆ ಕೊನೆಯ ಮಾತು ಕಣ್ಣಿನದೇ ಆಗಿತ್ತು. ಈ ದತ್ತಾಂಶದಿಂದ ತಯಾರಾದ ಪೂರ್ಣಪ್ರಮಾಣದ ಪ್ರತಿರೂಪ 2014ರಲ್ಲಿ ಲಕ್ಸರ್ ಬಳಿ, ಕಾರ್ಟರ್ ವಾಸವಿದ್ದ ಮನೆಯ ಪಕ್ಕದಲ್ಲೇ ತೆರೆಯಿತು.

ಆ ಗೋಡೆಗಳ ತುಂಬ ಕಂದು ಚುಕ್ಕೆಗಳಿವೆ. ಹಿಂದೆಂದೋ ಬೆಳೆದು ಸತ್ತ ಸೂಕ್ಷ್ಮಜೀವಿಗಳ ಗುರುತು ಅವು. ಗೆಟ್ಟಿ ಸಂರಕ್ಷಣಾ ಸಂಸ್ಥೆಯ ತಜ್ಞರು 1920ರ ದಶಕದಲ್ಲಿ ಕಾರ್ಟರ್ ತಂಡದ ಛಾಯಾಗ್ರಾಹಕ ಹ್ಯಾರಿ ಬರ್ಟನ್ ತೆಗೆದ ಫೋಟೊಗಳ ಜೊತೆ ಹೋಲಿಸಿ, ಚುಕ್ಕೆಗಳು ಬೆಳೆದಿಲ್ಲವೆಂದು ಕಂಡುಕೊಂಡರು. ಅಂದಚಂದದ ಮಾದರಿ ಮಾಡುವವರು ಇವನ್ನೇ ಮೊದಲು ಅಳಿಸುತ್ತಾರೆ. ಫ್ಯಾಕ್ಟಮ್ ಪ್ರತಿರೂಪದಲ್ಲಿ ಅವು ಹಾಗೆಯೇ ಇವೆ.

ದಕ್ಷಿಣ ಗೋಡೆಯ ಕಥೆ ಇನ್ನೂ ತೊಡಕಿನದು. ಒಳಗಿದ್ದ ಚಿನ್ನದ ಮಂಟಪಗಳನ್ನು ಹೊರತರಲು ಕಾರ್ಟರ್ ಆ ಗೋಡೆಯ ಒಂದು ಭಾಗವನ್ನು ಒಡೆದರು. ಐಸಿಸ್ ದೇವತೆಯ ಚಿತ್ರ ಅದರೊಂದಿಗೆ ಹೋಯಿತು. ಉಳಿದಿರುವುದು ಬರ್ಟನ್‌ನ ಕಪ್ಪುಬಿಳುಪು ಫೋಟೊ. ತಂಡ ಅದರ ಆಧಾರದಲ್ಲಿ ಆ ತುಂಡನ್ನು ಮತ್ತೆ ರೂಪಿಸಿತು. ಗೆರೆಗೆ ಸಾಕ್ಷಿ ಇದೆ, ಬಣ್ಣವನ್ನು ಮಾತ್ರ ಉಳಿದ ಗೋಡೆಗಳಿಂದ ಊಹಿಸಬೇಕು. ಒಂದೇ ಚಿತ್ರದಲ್ಲಿ ಎರಡು ಬಗೆಯ ನಿಖರತೆ!

ಅಳತೆ ಸರಿಯಿದ್ದ ಮಾತ್ರಕ್ಕೆ ಅರ್ಥವೂ ಸರಿಯಿರಬೇಕೆಂದಿಲ್ಲ. ಇದೇ ಸ್ಕ್ಯಾನ್‌ಗಳಲ್ಲಿ ಬಣ್ಣ ತೆಗೆದು ಬರಿಯ ಮೇಲ್ಮೈ ನೋಡಿದ ಈಜಿಪ್ಟ್ ತಜ್ಞ ನಿಕೊಲಸ್ ರೀವ್ಸ್ ಕೆಲವು ನೇರ ಗೆರೆಗಳನ್ನು ಕಂಡರು. ಅವು ಮುಚ್ಚಿದ ಬಾಗಿಲುಗಳಿರಬಹುದು, ಅವುಗಳ ಆಚೆ ರಾಣಿ ನೆಫರ್ಟಿಟಿಯ ಗೋರಿ ಇರಬಹುದು ಎಂದು 2015ರಲ್ಲಿ ವಾದಿಸಿದರು. ಜಗತ್ತಿನಾದ್ಯಂತ ಗದ್ದಲವೆದ್ದಿತು. 2018ರಲ್ಲಿ ಟ್ಯೂರಿನ್‌ನ ತಜ್ಞರು ಗೋಡೆಯ ಹಿಂದೆ ಏನಿದೆಯೆಂದು ನೋಡಲು ನಡೆಸಿದ ರೇಡಾರ್ ಸಮೀಕ್ಷೆಗೆ ಅಲ್ಲಿ ಕೋಣೆಗಳ ಸುಳಿವು ಸಿಗಲಿಲ್ಲ. ಸ್ಕ್ಯಾನರ್ ತಪ್ಪು ಮಾಡಿರಲಿಲ್ಲ; ಅದು ಗೋಡೆಯ ಮುಖವನ್ನಷ್ಟೇ ನೋಡಿತ್ತು.

ಇನ್ನು ಈಜಿಪ್ಟಿನ ಮತ್ತೊಬ್ಬ ದೊರೆ ಒಂದನೇ ಸೇಟಿಯ ಗೋರಿ. ನಮ್ಮ ಶಾಸನತಜ್ಞರು ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವುದನ್ನು ಇಲ್ಲಿ ಕೆಲವರಾದರೂ ನೋಡಿರಬಹುದು. ಬರಿಗಲ್ಲಿಗೆ ಅದರಿಂದ ತೊಂದರೆಯಿಲ್ಲ. ಆದರೆ 1817ರಲ್ಲಿ ಈ ಗೋರಿ ಹೊಕ್ಕ ಇಟಲಿಯ ಅನ್ವೇಷಕ ಬೆಲ್ಜೋನಿ ಬಣ್ಣದ ಉಬ್ಬುಚಿತ್ರಗಳ ಮೇಲೆಯೇ ಅಚ್ಚು ಒತ್ತಿದ. ಅಚ್ಚಿನೊಂದಿಗೆ ಬಣ್ಣವೂ ಎದ್ದು ಬಂತು. 1829ರಲ್ಲಿ ಈಜಿಪ್ಟ್ ವಿದ್ವಾಂಸರಾದ ಫ್ರಾನ್ಸಿನ ಶಾಂಪೋಲಿಯನ್, ಇಟಲಿಯ ರೊಸೆಲ್ಲಿನಿ ಇವರ ತಂಡ ಫಲಕಗಳನ್ನೇ ಕತ್ತರಿಸಿ ಒಯ್ದಿತು. ಒಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೊಂದು ಫ್ಲಾರೆನ್ಸ್‌ನಲ್ಲಿ. ಸೇಟಿಯ ಶವಪೆಟ್ಟಿಗೆಯನ್ನು ಇಂಗ್ಲಿಷ್ ವಾಸ್ತುಶಿಲ್ಪಿ ಜಾನ್ ಸೋನ್ 2,000 ಪೌಂಡಿಗೆ ಕೊಂಡರು. ಅದು ಇಂದಿಗೂ ಲಂಡನ್ನಿನ ಅವರ ಮನೆಯಲ್ಲಿದೆ; ಆ ಮನೆ ಈಗ ವಸ್ತುಸಂಗ್ರಹಾಲಯ. ಈ ಚೂರುಗಳು ಕಂಪ್ಯೂಟರಿನಲ್ಲಿ ಮತ್ತೆ ಒಂದೆಡೆ ಸೇರಬಲ್ಲವು. ಡಿಜಿಟಲ್ ಪುನಾರಚನೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಗೊತ್ತಿಲ್ಲ.

ಆದರೆ ಆ ಶವಪೆಟ್ಟಿಗೆ ಮೂಲದಲ್ಲಿ ಅಲಬಾಸ್ಟರ್ ಎಂಬ ಬಿಳಿ ಕಲ್ಲಿನದು. ಕೊರೆದ ಅಕ್ಷರಗಳಲ್ಲಿ ನೀಲಿ ತುಂಬಿತ್ತು. ಲಂಡನ್ನಿನ ಗಾಳಿಯಲ್ಲಿ ಕಲ್ಲು ಹಳದಿಗಟ್ಟಿದೆ, ನೀಲಿ ಬಹುಪಾಲು ಉದುರಿದೆ. ಮಾದರಿಗೆ ಯಾವ ಬಣ್ಣ ಕೊಡಬೇಕು? ಎರಡನ್ನೂ ಕೊಡಿ ಎನ್ನುತ್ತೇನೆ. ತೆರೆದೊಡನೆ ಕಾಣುವುದು ಇಂದು ಅಳೆದ ಹಳದಿ ಆಗಿರಲಿ. ಬಿಳಿ ಮತ್ತು ನೀಲಿ ಬೇರೊಂದು ಪದರದಲ್ಲಿರಲಿ, ಯಾವ ಸಾಕ್ಷ್ಯದಿಂದ ಬಂದವು ಎಂಬ ಟಿಪ್ಪಣಿಯ ಸಮೇತ.