ಜನ ಆರಿಸ್ಕೊಂಡ ಸುಳ್ಳು ಚಕ್ರವರ್ತಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಲದ ಬದುವಿನ ಮೇಲೆ ಮೊಬೈಲಲ್ಲಿ ರೇಡಿಯೋ ಹಾಕ್ಕೊಂಡು ಕೂತಿರೋರು, ಒಲೆ ಮುಂದೆ ಇರೋರು, ಪರೀಕ್ಷೆಗೆ ಓದ್ತಾ ಇರೋ ಮಕ್ಕಳು, ನಿಮ್ಮನ್ನೇ ನೆನೆಸ್ಕೊಂಡು ಮಾತಾಡ್ತಾ ಇದೀನಿ. ಇವತ್ತು ರಷ್ಯಾದ ಪುಗಚೋವ್ ದಂಗೆ, 1773ರಿಂದ 1775. ಪಠ್ಯಪುಸ್ತಕದಲ್ಲಿ ಇದು ಬಂದ್ರೆ ಎರಡು ಸಾಲು, ಅದೂ ಏನು, ಯಾವನೋ ಒಬ್ಬ ತಾನೇ ರಾಜ ಅಂತ ಸುಳ್ಳು ಹೇಳಿ ಜನರನ್ನ ಮೋಸ ಮಾಡಿದ ಅಂತ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಅವನು ಅಸಲಿ ರಾಜಾನಾ ನಕಲಿನಾ ಅನ್ನೋದನ್ನ ಪಕ್ಕಕ್ಕಿಡಿ, ಜನ ಅವನ ಬಾಯಲ್ಲಿ ಏನು ಹೇಳಿಸಿದ್ರು ಅದನ್ನ ನೋಡಿ.

ಯಾಯಿಕ್ ಅಂತ ಒಂದು ನದಿ, ಕಾಸ್ಪಿಯನ್ ಸಮುದ್ರಕ್ಕೆ ಸೇರುತ್ತೆ. ಅದರ ದಂಡೆ ಮೇಲೆ ಕೊಸಾಕರು. ಕುದುರೆ ಸವಾರರು, ಗಡಿ ಕಾಯೋರು, ಆದ್ರೆ ಹೊಟ್ಟೆಪಾಡು ಮಾತ್ರ ನದಿಯ ಮೀನು. ಮೀನು ಕೆಡದ ಹಾಗೆ ಇಡೋಕೆ ಉಪ್ಪು ಬೇಕು, ಉಪ್ಪಿನ ಹಕ್ಕು ಸರ್ಕಾರದ್ದು, ದುಬಾರಿ. ಅದರ ಮೇಲೆ ಅಧಿಕಾರಿಗಳ ಕಿರುಕುಳ. 1772ರಲ್ಲಿ ಎದ್ದುನಿಂತ್ರು, ಸರ್ಕಾರ ಸೈನ್ಯ ಕಳಿಸಿ ಬಗ್ಗುಬಡಿದು, ಅವರು ಸೇರಿ ತೀರ್ಮಾನ ಮಾಡ್ತಾ ಇದ್ದ ಪಂಚಾಯಿತಿಯನ್ನೇ ರದ್ದು ಮಾಡಿತು. ಉರಿ ಆರಿರ್ಲಿಲ್ಲ, ಬೂದಿ ಮುಚ್ಚಿತ್ತು ಅಷ್ಟೇ.

ಆಗ ಅಲ್ಲಿಗೆ ಬಂದವನು ಎಮೆಲ್ಯಾನ್ ಪುಗಚೋವ್, ಡಾನ್ ನದಿ ಕಡೆಯ ಕೊಸಾಕ್, ಸೈನ್ಯ ಬಿಟ್ಟು ಓಡಿಬಂದವನು, ಓದು ಬರಹ ಬಾರದವನು. ನಾನು ಪೀಟರ್ ದೊರೆ ಅಂದ. ಮೂರನೇ ಪೀಟರ್ ಸತ್ತು 11 ವರ್ಷ ಆಗಿತ್ತು, 1762ರಲ್ಲಿ ಹೆಂಡತಿ ಕ್ಯಾಥರೀನ್ ಸಿಂಹಾಸನ ಕಿತ್ಕೊಂಡ ಕೆಲವೇ ದಿನಕ್ಕೆ ಅವನು ಕಾವಲಲ್ಲೇ ಸತ್ತ. ಆದ್ರೆ ಜನ ನಂಬಿರ್ಲಿಲ್ಲ, ನಮ್ಮ ದೊರೆ ಬದುಕಿದಾನೆ, ಎಲ್ಲೋ ಅಲೀತಾ ಇದಾನೆ ಅಂತಾನೇ ಮಾತು.

ಈಗ ಕೇಳಿ, ಇದು ನನಗೆ ತುಂಬಾ ಇಷ್ಟವಾದ ಘಟನೆ. ಒಂದು ಒಂಟಿ ಛತ್ರ, ಅಲ್ಲಿ ಹಬೆ ಸ್ನಾನಕ್ಕೆ ಹೋದಾಗ ಪುಗಚೋವ್ ತನ್ನ ಎದೆ ಮೇಲಿನ ಕಲೆಗಳನ್ನ ಛತ್ರದವನಿಗೆ ತೋರಿಸಿ, ಇವು ರಾಜಚಿಹ್ನೆ ಅಂದ. ಯಾವುದೋ ಹಳೇ ಕಾಯಿಲೆಯ ಹುಣ್ಣಿನ ಗುರುತು ಅವು. ಸುದ್ದಿ ಹೋಯ್ತು. ಯಾಯಿಕ್ ಕೊಸಾಕರು ನಾಲ್ಕು ಜನ ಬಂದ್ರು, ಎಲ್ಲಿ, ನಮಗೂ ತೋರಿಸಿ ಅಂದ್ರು. ಅವನು ರೇಗಿದ, ನೀವು ನನ್ನ ಆಳುಗಳು, ನನಗೇ ಹುಕುಂ ಮಾಡ್ತೀರಾ ಅಂತ ಜೋರು ಮಾಡಿದ, ಆಮೇಲೆ ಚಾಕು ತಗೊಂಡು ಅಂಗಿ ಕೊರಳಿನಿಂದ ಸೀಳಿ ಎದೆ ತೋರಿಸಿದ. ಹಣೆ ಪಕ್ಕದ ಕಲೆಯನ್ನೂ ರಾಜಲಾಂಛನ ಅಂದ. ಅವರು ತಲೆ ಬಾಗಿದ್ರು. ಆದ್ರೆ ಸ್ವಲ್ಪ ದಿನದಲ್ಲೇ ಇವನು ಡಾನ್ ಕಡೆಯ ಸಾಮಾನ್ಯ ಕೊಸಾಕ್ ಅಂತ ಅವರಿಗೆ ಗೊತ್ತಾಯ್ತು. ಬಿಟ್ರಾ? ಬಿಡ್ಲಿಲ್ಲ. ದೊರೆ ಆದ್ರೇನು ಆಗದಿದ್ರೇನು, ಮಣ್ಣಿಂದಲೇ ನಾವು ದೊರೆ ಮಾಡ್ಕೋತೀವಿ, ನಮ್ಮ ಜನಕ್ಕೆ ಒಳ್ಳೇದಾದ್ರೆ ಸಾಕು ಅಂದ್ಕೊಂಡ್ರು, ಸಿಕ್ಕಿಬಿದ್ದ ಮೇಲೆ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯಲ್ಲೇ ಈ ಅರ್ಥದ ಮಾತಿದೆ. ದಯವಿಟ್ಟು ಇದನ್ನ ಗಮನಿಸಿ. ಆ ಮುಂದಾಳುಗಳು ಮೋಸ ಹೋಗಿರ್ಲಿಲ್ಲ, ಗೊತ್ತಿದ್ದೇ ಆರಿಸ್ಕೊಂಡಿದ್ರು.

ಹಾಗಾದ್ರೆ ಏನು ಹೇಳಿಸಿದ್ರು? 1773ರ ಸೆಪ್ಟೆಂಬರಲ್ಲಿ ಮೊದಲ ಫರ್ಮಾನು, ರಾಜನಿಗೆ ಬರೆಯೋಕೆ ಬರಲ್ಲ, ಇವಾನ್ ಪೊಚಿತಾಲಿನ್ ಅನ್ನೋ ಕೊಸಾಕ್ ಹುಡುಗ ಬರೆದ. ನದಿ ನಿಮ್ಮದು, ಮೇಲಿಂದ ಸಮುದ್ರದವರೆಗೂ. ನೆಲ, ಹುಲ್ಲು, ಸಂಬಳದ ದುಡ್ಡು, ಸೀಸ, ಮದ್ದಿನಪುಡಿ, ಧಾನ್ಯ. ಅಷ್ಟೇ. ಕೊಸಾಕನ ಮನೆಯ ಬೇಕುಗಳ ಪಟ್ಟಿ ಅದು, ರಾಜನ ದಾನ ಅಲ್ಲ.

ನೂರು ಜನಾನೂ ಇಲ್ಲದೆ ಶುರುವಾದ ಗುಂಪಿಗೆ ಉರಾಲ್ ಬೆಟ್ಟ ಸೀಮೆಯ ಬಷ್ಕಿರರು ಅನ್ನೋ ಜನಾಂಗದವರು ಸೇರಿದ್ರು, ಅಲ್ಲಿಯ ಕಾರ್ಖಾನೆ ಕೂಲಿಗಳು ಸೇರಿದ್ರು, ಓರೆನ್‌ಬರ್ಗ್ ಕೋಟೆಯನ್ನ ಸುಮಾರು ಆರು ತಿಂಗಳು ಮುತ್ತಿದ್ರು. ಬಷ್ಕಿರರ ಮುಂದಾಳು ಸಲಾವತ್ ಯುಲಾಯೆವ್ ಬಗ್ಗೇನೇ ಒಂದು ದಿನ ಮಾತಾಡ್ಬಹುದು, ಗಡಿಯಾರ ನೋಡಿದ್ರೆ ಇವತ್ತು ಆಗಲ್ಲ. 1774ರ ಜುಲೈನಲ್ಲಿ ಕಜಾನ್ ಊರು ಹೊತ್ತಿ ಉರಿದ ಮೇಲೆ ವೋಲ್ಗಾ ಕಡೆಯ ಜೀತದ ರೈತರು ಎದ್ರು, ಆಗ ಫರ್ಮಾನೂ ಬದಲಾಯ್ತು. ಜೀತ ಇಲ್ಲ, ತಲೆಗಂದಾಯ ಇಲ್ಲ, ಸೈನ್ಯಕ್ಕೆ ಮಕ್ಕಳನ್ನ ಎಳ್ಕೊಂಡು ಹೋಗಲ್ಲ, ಜಮೀನ್ದಾರರನ್ನ ಹಿಡಿದು ನೇಣು ಹಾಕಿ. ಭಯಂಕರ ರಕ್ತಪಾತ ಆಯ್ತು, ಹೆಂಗಸರು ಮಕ್ಕಳನ್ನೂ ಬಿಡ್ಲಿಲ್ಲ, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಮತ್ತೆ ನೋಡಿ, ಕೇಳೋ ಜನ ಬದಲಾದ್ರು, ರಾಜನ ಮಾತೂ ಬದಲಾಯ್ತು. ಆ ಜೀತವನ್ನ ಅಸಲಿ ರಾಜರು ತೆಗೆಯೋಕೆ 1861 ಆಗ್ಬೇಕಾಯ್ತು.

ನಮ್ಮಲ್ಲೂ 1837ರ ಅಮರಸುಳ್ಯ ದಂಗೆಯಲ್ಲಿ ಪುಟ್ಟಬಸಪ್ಪ ಕೊಡಗಿನ ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಅನ್ನೋ ಹೆಸರಲ್ಲೇ ಜನರನ್ನ ಕಟ್ಕೊಂಡು ಮಂಗಳೂರಿನವರೆಗೆ ಹೋದ, ಅಲ್ಲೂ ಕಂಪನಿಯ ಉಪ್ಪು, ಹೊಗೆಸೊಪ್ಪಿನ ಸಂಕಟ ಇತ್ತು. ಸುಳ್ಯದವರು ನೀವು ಕೇಳ್ತಾ ಇದ್ರೆ ನಾನು ಹೇಳ್ತಾ ಇರೋದು ಬೇಗ ಅರ್ಥ ಆಗುತ್ತೆ.

ಕೊನೆಗೆ ಅವನ ಕೊಸಾಕರೇ ಜೀವ ಉಳಿಸ್ಕೊಳ್ಳೋಕೆ ಅವನನ್ನ ಹಿಡಿದುಕೊಟ್ರು. ಪಂಜರದಲ್ಲಿ ಸಾಗಿಸಿ, 1775ರ ಜನವರಿಯಲ್ಲಿ ಮಾಸ್ಕೋದಲ್ಲಿ ತಲೆ ಕಡಿದ್ರು. ಡಾನ್ ದಂಡೆಯ ಅವನ ಮನೆಯನ್ನ ಅದಕ್ಕೂ ಮೊದಲೇ ಸುಟ್ಟಿದ್ರು. ತಲೆ ಕಡಿದ ಅದೇ ತಿಂಗಳು ಕ್ಯಾಥರೀನ್ ಇನ್ನೊಂದು ಆಜ್ಞೆ ಹೊರಡಿಸಿದ್ಲು. ಅವನು ಮೊದಲ ಫರ್ಮಾನಲ್ಲಿ ಜನಕ್ಕೆ ಕೊಟ್ಟಿದ್ದ ಆ ನದಿ ಇದೆಯಲ್ಲ, ಅದರ ಹೆಸರು ಇನ್ನು ಯಾಯಿಕ್ ಅಲ್ಲ, ಉರಾಲ್. ಮಕ್ಕಳೇ, ಅಟ್ಲಾಸ್ ತೆಗೆದು ನೋಡಿ, ಇವತ್ತಿಗೂ ಉರಾಲ್ ಅಂತಾನೇ ಇರುತ್ತೆ. ಅದೇ ನದಿ ಕಜಾಕ್‌ಸ್ತಾನಕ್ಕೆ ಹರಿದು ಹೋದ ಮೇಲೆ ಅಲ್ಲಿಯ ಜನ ಈಗಲೂ ಅದನ್ನ ಜಾಯಿಕ್ ಅಂತಾರೆ. ನಮಸ್ಕಾರ.