ಮಳೆ ನಿಂತ ಮೇಲೆ ಮತ್ತೆ ಸೈಕಲ್

ಕೇಳುಗರಿಗೆ ನಮಸ್ಕಾರ.

ಸ್ವಾತಿ ಮಳೆ ಮುಗಿಯಿತು. ವಿಶಾಖೆಯೂ ಒಂದೆರಡು ದಿನ ಹನಿದು ಸುಮ್ಮನಾಯಿತು. ಬೆಳಿಗ್ಗೆ ಐದೂವರೆಗೆ ಹೊರಗೆ ಬಂದರೆ ಸಣ್ಣಗೆ ಚಳಿ. ಇಂಥ ಹೊತ್ತಿನಲ್ಲೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗಿನ ಗೇರ್ ಸೈಕಲ್ ಹೊರಗೆ ಬರುತ್ತದೆ. ಜೂನ್‌ನಲ್ಲಿ ಒರಗಿಸಿಟ್ಟಿದ್ದು. ಅದರ ಮೇಲಿನ ಹಳೇ ಬೆಡ್‌ಶೀಟು ತೆಗೆದು, ಟೈರಿಗೆ ಗಾಳಿ ಹೊಡೆದು, ಭಾನುವಾರ ನೇರ ಚಾಮುಂಡಿ ಬೆಟ್ಟಕ್ಕೆ. ಸೋಮವಾರ ನೇರ ನನ್ನ ಕ್ಲಿನಿಕ್ಕಿಗೆ.

ನಾನು ಫಿಸಿಯೋಥೆರಪಿಸ್ಟ್. ಸೈಕಲ್ ತುಳಿಯುವವಳೂ ಹೌದು. ಇವತ್ತು ನಾನು ಹೇಳುವುದು ಒಂದೇ ಮಾತು. ಉಸಿರು ಬೇಗ ಬರುತ್ತದೆ, ಮಂಡಿ ತಡವಾಗಿ ಬರುತ್ತದೆ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ಇನ್ನೂ ನಾಲ್ಕು ಸಲ ಹೇಳುತ್ತೇನೆ.

ತಣ್ಣನೆಯ ದೇಶಗಳಲ್ಲಿ ಹಿಮ ಬಿದ್ದಾಗ ಸೈಕಲ್ ಒಳಗೆ ಹೋಗುತ್ತದೆ, ನಮ್ಮಲ್ಲಿ ಮಳೆ ಬಂದಾಗ. ಎರಡೂ ಕಡೆ ದೇಹ ಮಾಡುವುದು ಒಂದನ್ನೇ. ತುಳಿಯುವುದು ನಿಲ್ಲಿಸಿದ ಎರಡು ಮೂರು ವಾರದಲ್ಲೇ ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ಮೊದಲ ದಿನ ಒಂದು ಸಣ್ಣ ಏರಿಗೂ ಏದುಸಿರು. ಇದಕ್ಕೆ ಎಲ್ಲರೂ ಹೆದರುತ್ತಾರೆ. ಹೆದರಬೇಡಿ. ಹೋದ ಹಾಗೇ ಅದು ಬೇಗ ವಾಪಸು ಬರುತ್ತದೆ. ಎರಡು ವಾರ ತುಳಿದರೆ ಸಾಕು, ಉಸಿರು ಹಗುರಾಗುತ್ತದೆ. ‘ಆಹಾ, ಬಂದೇಬಿಟ್ಟಿತು’ ಅನಿಸುತ್ತದೆ.

ನೀವು ಹೆದರಬೇಕಾದ್ದು ಆಗ.

ಯಾಕೆಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ನಾರುಗಳಿವೆಯಲ್ಲ, ಟೆಂಡನ್ ಅನ್ನುತ್ತೇವೆ, ಅವುಗಳಿಗೆ ರಕ್ತ ಹರಿಯುವುದೇ ಕಮ್ಮಿ. ಅವು ಗಟ್ಟಿಯಾಗಲು ವಾರಗಳು ಸಾಲದು, ತಿಂಗಳುಗಳು ಬೇಕು. ಹೃದಯ ರೆಡಿ, ತೊಡೆಯೂ ರೆಡಿ, ಮಂಡಿಚಿಪ್ಪಿನ ಕೆಳಗಿನ ಆ ಒಂದು ಪಟ್ಟಿ ಮಾತ್ರ ಇನ್ನೂ ಜುಲೈ ತಿಂಗಳಲ್ಲೇ ಇದೆ.

ನಮ್ಮ ಭಾವನ ಕಥೆ ಹೇಳುತ್ತೇನೆ. ಅಕ್ಕನ ಯಜಮಾನರು. ಐವತ್ತೆರಡು ವರ್ಷ. ಹೋದ ವರ್ಷ ಡಿಸೆಂಬರಿನಲ್ಲಿ ನಡೆಯಲಿದ್ದ 200 ಕಿಲೋಮೀಟರ್ ಬ್ರೆವೆಗೆ ದುಡ್ಡು ಕಟ್ಟಿದ್ದರು. ಬ್ರೆವೆ ಅಂದರೆ ರೇಸ್ ಅಲ್ಲ, ನಿಗದಿತ ಸಮಯದೊಳಗೆ ದೂರ ಮುಗಿಸುವುದು ಅಷ್ಟೆ. ನವೆಂಬರ್ ಮೊದಲ ವಾರ ನನಗೆ ಫೋನು. ‘ಏನಮ್ಮಾ, ಶುರು ಮಾಡಲಾ?’ ಮಾಡಿ ಭಾವ, ಆದರೆ ಆರು ವಾರ ಬೆಟ್ಟ ಬೇಡ, ನಂಜನಗೂಡು ರಸ್ತೆಯಲ್ಲಿ ಹಗುರ ಗೇರಿನಲ್ಲಿ ಹೋಗಿ ಬನ್ನಿ ಅಂದೆ. ಆಯ್ತು ಅಂದರು. ಎರಡು ವಾರ ಹಾಗೇ ಮಾಡಿದರು ಕೂಡ. ಮೂರನೇ ವಾರ ಮತ್ತೆ ಫೋನು. ‘ನೋಡಮ್ಮ, ಹದಿನೆಂಟು ವರ್ಷದ ಹುಡುಗನ ಉಸಿರು! ನಿನ್ನ ಆರು ವಾರ ನಿನ್ನ ಪೇಷಂಟುಗಳಿಗೆ ಇಟ್ಟುಕೋ.’

ಆ ಭಾನುವಾರ ಮಗನ ಗೆಳೆಯರ ಜೊತೆ ಬೆಟ್ಟ ಹತ್ತಿದರು. ನಮ್ಮ ಊರಿಂದ ಬೆಟ್ಟದ ತುದಿಗೆ ಹತ್ತಿರ ಹತ್ತಿರ 300 ಮೀಟರ್ ಎತ್ತರ. ಅಷ್ಟೆತ್ತರಕ್ಕೆ ಮೈಭಾರ ಪೂರ್ತಿ ಮಂಡಿಯ ಮೇಲೆಯೇ ಏರಬೇಕು. ಹುಡುಗರು ಮುಂದೆ ಹೋದರು ಅಂತ ಇವರು ಹಗುರ ಗೇರ್ ಬಿಟ್ಟು ಭಾರದ ಗೇರ್ ಹಾಕಿ, ಎದ್ದು ನಿಂತು ತುಳಿದರು. ಹತ್ತಿಯೂ ಬಿಟ್ಟರು, ಸುಳ್ಳು ಹೇಳಬಾರದು. ದೇವಸ್ಥಾನದ ಮುಂದೆ ಫೋಟೋ ತೆಗೆಸಿ ನನಗೆ ಕಳಿಸಿದರು.

ಬುಧವಾರ ನಂಜನಗೂಡಿನ ಹತ್ತಿರ ನಮ್ಮ ನೆಂಟರ ಗೃಹಪ್ರವೇಶ. ಹೊಸ ಮನೆ, ಟೇಬಲ್ಲು ಕುರ್ಚಿ ಬಂದಿರಲಿಲ್ಲ. ಜಮಖಾನ ಹಾಸಿ ಬಾಳೆಲೆ ಊಟ. ಭಾವ ಬಲಗಾಲು ಮುಂದಕ್ಕೆ ಚಾಚಿಕೊಂಡು ಕೂತರು. ಹುಳಿ ಬಡಿಸುವ ಹುಡುಗ ಪಾಪ, ಪ್ರತಿ ಸಲ ಆ ಕಾಲು ದಾಟಿಕೊಂಡು ಹೋಗುತ್ತಿದ್ದ. ಊಟ ಮುಗಿಯಿತು. ಪಂಕ್ತಿ ಎದ್ದಿತು. ಭಾವ ಏಳಲಿಲ್ಲ. ಇನ್ನೊಂದು ಸ್ವಲ್ಪ ಮೊಸರನ್ನ ಅಂದರು. ಹಾಕಿದರು. ಮತ್ತೊಂದು ಸ್ವಲ್ಪ ಅಂದರು. ಎರಡನೇ ಪಂಕ್ತಿಯವರು ಬಂದು ನಿಂತಿದ್ದಾರೆ. ಮೂರನೇ ಸಲ ಮೊಸರನ್ನ ಹಾಕಿಸಿಕೊಂಡಾಗ ಅಕ್ಕನಿಗೆ ಅನುಮಾನ ಬಂತು. ‘ನಿಮಗೆ ಮೊಸರೇ ಆಗಲ್ಲವಲ್ಲ?’ ಅಂದಳು. ಆಗ ಹೊರಬಿತ್ತು ವಿಷಯ. ಮಂಡಿ ಮಡಚಿ ಏಳಲು ಆಗುತ್ತಿರಲಿಲ್ಲ. ಕೊನೆಗೆ ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಎಂಜಲು ಕೈ ಮೇಲೆತ್ತಿಕೊಂಡೇ ನನ್ನ ಕಡೆ ನೋಡಿದರು. ನಾನು ಪಾಯಸದ ಕಡೆ ನೋಡಿದೆ.

ಆಮೇಲೆ ಸಂಕ್ರಾಂತಿಯವರೆಗೆ ಸೈಕಲ್ ಇಲ್ಲ. ಬ್ರೆವೆಗೆ ಕಟ್ಟಿದ ದುಡ್ಡೂ ಹೋಯಿತು. ಅವರಿಗೆ ನಾನು ಎಷ್ಟು ಹೇಳಿದರೂ ತಲೆಗೆ ಹೋಗದೇ ಇದ್ದ ಒಂದು ಲೆಕ್ಕ ಇದೆ. 200 ಕಿಲೋಮೀಟರ್ ಬ್ರೆವೆಗೆ ಸಮಯ 13 ಗಂಟೆ 30 ನಿಮಿಷ. ಅಂದರೆ ಗಂಟೆಗೆ 15 ಕಿಲೋಮೀಟರೂ ಬೇಡ, ತಿಂಡಿ ಕಾಫಿ ಎಲ್ಲ ಸೇರಿ! ಇದಕ್ಕೆ ಬೇಕಾದ್ದು ದಿನವಿಡೀ ನೋಯದ ಮಂಡಿ. ಹದಿನೆಂಟು ವರ್ಷದ ಉಸಿರು ಯಾರಿಗೆ ಬೇಕಿತ್ತು?

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಮೊದಲ ಮೂರು ವಾರ, ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ಆಮೇಲೆ ವಾರಕ್ಕೆ ಹತ್ತನೇ ಒಂದು ಪಾಲು ಮಾತ್ರ ಹೆಚ್ಚಿಸಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ. ಒಬ್ಬರೇ ಇದ್ದರೆ ಹಾಡು ಹೇಳಿಕೊಳ್ಳಿ, ರಸ್ತೆಯಲ್ಲಿ ಯಾರೂ ಬೈಯುವುದಿಲ್ಲ. ಕಾಲು ಚುರುಕಾಗಿ ತಿರುಗಲಿ. ಬಲ ಮಂಡಿ ಹತ್ತು ಸೆಕೆಂಡಿಗೆ 14, 15 ಸಲ ಮೇಲೆ ಬರಬೇಕು. ನಿಮಿಷಕ್ಕೆ 90 ಸುತ್ತು ಅಂದರೆ ಗಂಟೆಗೆ 5400 ಸಲ ಆ ಮಂಡಿ ಮಡಚುತ್ತದೆ. ಬಾವಿಯ ನೀರನ್ನು ಕೊಳಗದಲ್ಲಿ ಹೊತ್ತರೂ ತೊಟ್ಟಿ ತುಂಬುತ್ತದೆ, ಚಿಕ್ಕ ಬಿಂದಿಗೆಯಲ್ಲಿ ಹೊತ್ತರೂ ತುಂಬುತ್ತದೆ. ಸೊಂಟ ಉಳಿಯುವುದು ಬಿಂದಿಗೆಯಲ್ಲಿ ಹೊತ್ತರೆ. ಹಗುರ ಗೇರ್ ಅಂದರೆ ಆ ಬಿಂದಿಗೆ. ಯುರೋಪಿನ ಹಳೇ ತಲೆಮಾರಿನ ರೇಸ್ ಸವಾರರೂ ಚಳಿಗಾಲ ಕಳೆದ ಮೊದಲ ವಾರಗಳಲ್ಲಿ ಪೆಡಲಿನ ಬಳಿಯ ಚಿಕ್ಕ ಹಲ್ಲುಚಕ್ರದಲ್ಲೇ, ಅಂದರೆ ಹಗುರ ಗೇರಿನಲ್ಲೇ ಇರುತ್ತಿದ್ದರು. ಅವರಿಗೇ ಬೇಕಿತ್ತು, ನಮಗೆ ಬೇಡವೇ?

ಸೀಟಿನ ಎತ್ತರ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಮನೆಯಲ್ಲಿ ಮಕ್ಕಳು ಮಳೆಗಾಲದಲ್ಲಿ ಸೀಟು ಇಳಿಸಿಕೊಂಡು ಕಾಂಪೌಂಡಿನಲ್ಲಿ ಓಡಿಸಿರುತ್ತಾರೆ, ನೋಡಿಕೊಳ್ಳಿ. ಸೀಟು ತಗ್ಗಾದಷ್ಟೂ ಮಂಡಿಗೆ ಭಾರ ಜಾಸ್ತಿ.

ಸೈಕಲ್ಲಿಗೂ ಆರೈಕೆ ಬೇಕು. ಚೈನಿನ ತುಕ್ಕು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಿ. ಬ್ರೇಕಿಗೆ ಎಣ್ಣೆ ತಾಗದಿರಲಿ. ನೀರಿಗೆ ಉಪ್ಪು, ನಿಂಬೆಹಣ್ಣು ಹಾಕಿಕೊಳ್ಳಿ. ಚಳಿಯಲ್ಲಿ ಬಾಯಾರುವುದಿಲ್ಲ ಅಂತ ಕುಡಿಯದೇ ಇರಬೇಡಿ. ಯಾವ ಸೈಕಲ್ ಒಳ್ಳೆಯದು ಅಂತ ದಯವಿಟ್ಟು ಯಾರೂ ಕೇಳಬೇಡಿ. ಮೆಟ್ಟಿಲ ಕೆಳಗೆ ಇದೆಯಲ್ಲ, ಅದೇ.

ಇನ್ನೊಂದು. ಇದು ಒಕ್ಕಣೆಯ ಕಾಲ. ರಸ್ತೆಯ ಮೇಲೆ ರಾಗಿ, ಹುರುಳಿ ಹಾಸಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ, ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಹೇಗೂ ನಿಮಗೆ ಅವಸರ ಇಲ್ಲವಲ್ಲ, ಮಂಡಿ ತಡವಾಗಿ ತಾನೇ ಬರುವುದು.

ಭಾವ ಈ ಕಾರ್ಯಕ್ರಮ ಕೇಳುತ್ತಿರುತ್ತಾರೆ. ಮೊಸರನ್ನದ ವಿಷಯ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಕ್ಷಮಿಸಿ ಭಾವ. ಈ ವರ್ಷ ಎರಡನೇ ವಾರ ನಡೆಯುತ್ತಿದೆ, ನಿನ್ನೆ ಉಸಿರು ಚೆನ್ನಾಗಿದೆ ಅಂತ ಮೆಸೇಜ್ ಹಾಕಿದ್ದಾರೆ. ಸಂಜೆ ಫೋನ್ ಮಾಡುತ್ತೇನೆ.

ನಮಸ್ಕಾರ.